ಬ್ರೇಕಮ್ಮ ಕಾಲಿಗೆ ಬುದ್ಧಿ ಹೇಳಿದ್ದು

ಆಕೆಗೆ ಬ್ರೇಕಮ್ಮ ಎಂದು ಹೆಸರಿಟ್ಟವರು ಯಾರು ಎಂದು ಕೇಳಿದರೆ ಊರಿನ ಅರ್ಧ ಜನ ಕೈ ಎತ್ತುತ್ತಾರೆ. ಊರಿನ ಅರ್ಧ ಜನ ಕಾರು ಕಲಿತದ್ದೇ ಆಕೆಯ ಪಕ್ಕದಲ್ಲಿ ಕೂತು. ಡ್ರೈವಿಂಗ್ ಕಲಿಸುವ ಕಾರಿನಲ್ಲಿ ಒಂದು ವಿಶೇಷವಿರುತ್ತದೆ. ಓಡಿಸುವವರ ಕಾಲ ಬಳಿ ಇರುವ ಬ್ರೇಕಿನ ಜೊತೆಗೆ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕು. ಆಪತ್ತಿಗೆ ಇರಲಿ ಎಂದು ಕೊಟ್ಟ ಆ ಎರಡನೆಯ ಬ್ರೇಕನ್ನು ಬ್ರೇಕಮ್ಮ ಹೊಲಿಗೆ ಯಂತ್ರದ ಪೆಡಲಿನಂತೆ ತುಳಿಯುತ್ತಿದ್ದರು. ಮುಂದೆ ಸೈಕಲ್ ಕಂಡರೆ ಒಂದು ಸಲ, ಸೈಕಲ್ ದಾಟಿದ ಮೇಲೆ ಇನ್ನೊಂದು ಸಲ, ಎದುರಿಗೆ ಏನೂ ಇಲ್ಲದಿದ್ದರೆ ಏನಾದರೂ ಬರಬಹುದು ಎಂಬ ಗುಮಾನಿಗೆ ಮತ್ತೊಂದು ಸಲ.

ಹಾಗೆಂದು ಆಕೆ ಕೆಟ್ಟವರಲ್ಲ, ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಐವತ್ತು ದಾಟಿದ ಹೆಂಗಸು; ದಪ್ಪ ಅಡಿಯ ಚಪ್ಪಲಿ, ಕತ್ತಿಗೆ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ, ನಾಲ್ಕು ಮನೆಗೆ ಕೇಳುವ ಗಂಟಲು. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು, ಆದರೆ ಹತ್ತಿದಷ್ಟೇ ಬೇಗ ಇಳಿಯುತ್ತಲೂ ಇತ್ತು. ಬೈಸಿಕೊಂಡವರು ಅತ್ತರೆ ತಾವೂ ಕರವಸ್ತ್ರ ಹುಡುಕುವ ಪೈಕಿ. ತನ್ನ ಕಾರಿನಲ್ಲಿ ಕೂತ ಜೀವ ಹೇಗೆ ಬಂದಿತ್ತೋ ಹಾಗೇ ಇಳಿದು ಮನೆಗೆ ಹೋಗಬೇಕು, ಅಷ್ಟೇ ಆಕೆಯ ಆಸೆ. ಆ ಆಸೆಯೆಲ್ಲ ಬಲಗಾಲಿಗೆ ಇಳಿದುಬಿಟ್ಟಿತ್ತು.

ಅಭ್ಯಾಸ ಕಾರಿನೊಳಗೇ ನಿಂತಿದ್ದರೆ ಸರಿ. ಅದು ಮನೆಗೂ ಬಂತು. ಆಕೆಯ ಗಂಡ ಮುಖ್ಯರಸ್ತೆಯಲ್ಲಿ ಕನ್ನಡಕದ ಅಂಗಡಿ ಇಟ್ಟವರು, ಸಾಧು ಮನುಷ್ಯ. ಅವರು ಬಿಸಿ ಟೀ ಲೋಟವನ್ನು ತುಟಿಗೆ ಒಯ್ದರೆ ಸಾಕು, ಮೇಜಿನ ಕೆಳಗೆ ಹೆಂಡತಿಯ ಬಲಗಾಲು ಟಪ್ಪೆಂದು ನೆಲ ಒತ್ತುತ್ತಿತ್ತು.

"ನಾನೇನು ಲಾರೀನೇನೇ?" ಎಂದು ಅವರು ನಗುತ್ತಿದ್ದರು. "ನಿಧಾನಕ್ಕೇ ಕುಡೀತೀನಿ ಬಿಡು."

ಇಷ್ಟು ವರ್ಷ ಇದು ಬರೀ ನಗುವ ವಿಷಯವಾಗಿತ್ತು. ನಾದಿನಿಗೆ ಕಾರು ಕಲಿಸಲು ಹೊರಟಾಗ ನಗು ನಿಂತಿತು.

ಗಂಡನ ತಂಗಿ, ಮನೆಮಂದಿಗೆಲ್ಲ ಗುಬ್ಬಿ. ನಲವತ್ತರ ಹತ್ತಿರದ ಒಂಟಿ ಹೆಂಗಸು, ಅಂಗಿಯ ಗುಂಡಿ ಮಾಡುವ ಕಾರ್ಖಾನೆಯಲ್ಲಿ ದುಡಿದು ತನ್ನ ಪಾಡಿಗೆ ತಾನಿದ್ದಳು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಅಣ್ಣನ ಮನೆಯ ಮಹಡಿಯ ಕೋಣೆಗೆ ಬಂದಳು. ಅವಳಿಗೆ ಯಾರೂ ಒಂದು ಮಾತು ಅಂದವರಲ್ಲ. ಆದರೂ ಕೂತು ಉಣ್ಣುವ ಸಂಕೋಚ ಅವಳನ್ನು ಹಿಂಡುತ್ತಿತ್ತು. ಇನ್ನೊಂದು ಸಲ ಬಡಿಸಲು ಹೋದರೆ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು. ರಾತ್ರಿ ಓದಬೇಕೆನಿಸಿದರೂ ಕರೆಂಟು ಉರಿಯುತ್ತದೆಂದು ದೀಪ ಆರಿಸಿಬಿಡುತ್ತಿದ್ದಳು. ಇದೆಲ್ಲ ಬ್ರೇಕಮ್ಮನಿಗೆ ಗೊತ್ತಿತ್ತು, ಗೊತ್ತಿದ್ದೂ ಏನು ಹೇಳಬೇಕೆಂದು ತಿಳಿಯದೆ ಹೊಟ್ಟೆಯಲ್ಲೇ ಇಟ್ಟುಕೊಂಡು ಸಂಕಟಪಡುತ್ತಿದ್ದರು.

ಅಷ್ಟರಲ್ಲಿ ಒಂದು ಕೆಲಸ ಒದಗಿತು. ವಯಸ್ಸಾದ ರೋಗಿಗಳನ್ನು ಬೆಳಿಗ್ಗೆ ಮನೆಯಿಂದ ಕರೆತಂದು ಸಂಜೆ ವಾಪಸು ಬಿಡುವ ಒಂದು ಚಿಕಿತ್ಸಾಲಯಕ್ಕೆ ವ್ಯಾನ್ ಓಡಿಸುವವರು ಬೇಕಾಗಿದ್ದರು. ಕೆಲಸದ ಮಾತಾಡಲು ಹೋದ ದಿನ ಬಾಗಿಲಲ್ಲಿ ತಡವರಿಸುತ್ತಿದ್ದ ಅಜ್ಜಿಯೊಬ್ಬರ ಮೊಣಕೈ ಹಿಡಿದು ಗುಬ್ಬಿ ಒಳಗೆ ಕರೆದೊಯ್ದ ರೀತಿ ಅಲ್ಲಿಯವರಿಗೆ ಹಿಡಿಸಿಬಿಟ್ಟಿತು. ಮುಂದಿನ ತಿಂಗಳ ಕೊನೆಯವರೆಗೆ ಕಾಯುತ್ತೇವೆ, ಲೈಸೆನ್ಸ್ ತೆಗೆದುಕೊಂಡು ಬನ್ನಿ ಎಂದರು. ಆದರೆ ಗುಬ್ಬಿ ಪರೀಕ್ಷೆಯಲ್ಲಿ ಈಗಾಗಲೇ ಎರಡು ಸಲ ಫೇಲಾಗಿದ್ದಳು. ಮೂರನೆಯ ಸಲವೂ ಹಾಗೇ ಆದರೆ ಮತ್ತೆ ಅರ್ಧ ವರ್ಷ ಪರೀಕ್ಷೆಗೆ ಕೂರುವಂತಿಲ್ಲ, ಕೆಲಸ ಬೇರೆಯವರ ಪಾಲು.

ಎರಡನೆಯ ಸಲ ಫೇಲಾದಾಗ ಪರೀಕ್ಷೆಯ ಅಧಿಕಾರಿ ಬ್ರೇಕಮ್ಮನನ್ನು ಪಕ್ಕಕ್ಕೆ ಕರೆದಿದ್ದರು. "ಕೈ ಚೆನ್ನಾಗಿದೆ ಮೇಡಂ, ಕಣ್ಣೂ ಚೆನ್ನಾಗಿದೆ. ಆದ್ರೆ ಬ್ರೇಕ್ ಹಾಕೋ ಜಾಗಕ್ಕೆ ಬಂದಾಗ ಈಯಮ್ಮ ಯಾರಿಗೋ ಕಾಯ್ತಾರೆ."

"ಯಾರಿಗೆ ಕಾಯ್ತಾಳೆ?" ಎಂದು ಬ್ರೇಕಮ್ಮ ರೇಗಿದರು. ಅಧಿಕಾರಿ ಭುಜ ಕುಣಿಸಿ ಹೊರಟುಹೋದರು.

ಅದೇ ವಾರ ಆಕೆಯ ಬಲಗಾಲು ಸೆಟೆದುಕೊಂಡಿತು. ಬೆಳಿಗ್ಗೆ ಎದ್ದರೆ ಮೀನಖಂಡ ಕಲ್ಲು. ಡಾಕ್ಟರು ಒತ್ತಿ ನೋಡಿ, ಬಗ್ಗಿಸಿ ನೋಡಿ, ಕೊನೆಗೆ ಕೇಳಿದರು. "ಈ ಕಾಲು ಸುಮ್ನೆ ಇರೋದು ಯಾವಾಗ?"

"ಮಲಗಿದಾಗ ಇರುತ್ತೆ."

"ಆಗ್ಲೂ ಇಲ್ಲ," ಎಂದರು ಗಂಡ. "ರಾತ್ರಿ ನನ್ನನ್ನ ಎಷ್ಟು ಸಲ ಒದೀತಾಳೆ ಅಂತ ನಾನು ಯಾರ ಹತ್ರ ಹೇಳ್ಕೊಳ್ಳಲಿ?"

ಡಾಕ್ಟರು ನಕ್ಕು ಮುಲಾಮು ಬರೆದುಕೊಟ್ಟರು. ಜೊತೆಗೆ, ರಸ್ತೆಯ ಕೊನೆಯಲ್ಲಿ ಬಣ್ಣದ ಅಂಗಡಿಯ ಮೇಲೆ ಒಬ್ಬ ಬೌದ್ಧ ಭಿಕ್ಷುಣಿ ಸಂಜೆ ಧ್ಯಾನ ಹೇಳಿಕೊಡುತ್ತಾರೆ, ನನ್ನ ರೋಗಿಗಳು ಕೆಲವರು ಹೋಗುತ್ತಾರೆ, ನೀವೂ ಹೋಗಿ ಕೂತು ಬನ್ನಿ ಎಂದರು. ದಾರಿಯುದ್ದಕ್ಕೂ ಗಂಡನಿಗೆ ಕಾಲೆಳೆಯುವ ಕೆಲಸ. "ಬೇರೆಯವರು ಓಡಿಹೋಗೋಕೆ ಕಾಲಿಗೆ ಬುದ್ಧಿ ಹೇಳ್ತಾರೆ. ನೀನು ಕಾಲಿಗೆ ಬುದ್ಧಿ ಹೇಳಿಸ್ಕೊಂಡು ಬಾ, ಸುಮ್ನೆ ನಿಲ್ಲು ಅಂತ."

ಬಣ್ಣದ ಅಂಗಡಿಯ ಮೇಲಿನ ಕೋಣೆಯಲ್ಲಿ ಟರ್ಪೆಂಟೈನ್ ವಾಸನೆ. ಗೋಡೆಗೆ ಒರಗಿಸಿದ ಚಾಪೆಗಳು, ಕಿಟಕಿಯಲ್ಲಿ ಒಂದು ಪುಟ್ಟ ಬುದ್ಧ, ಅದರ ಪಕ್ಕ ಯಾರೋ ಮರೆತುಹೋದ ಛತ್ರಿ. ಭಿಕ್ಷುಣಿಯಮ್ಮ ಗುಂಡಗೆ, ಕುಳ್ಳಗೆ, ಬೋಳಿಸಿದ ತಲೆಯ ಹೆಂಗಸು. ಆ ವಾಸನೆಗೆ ಅವರಿಗೆ ಸೀನು ಬರುತ್ತಿತ್ತು, ಒಂದೊಂದು ಸೀನಿಗೂ ಅವರೇ ನಗುತ್ತಿದ್ದರು. ಗಂಭೀರ ಮುಖದ ಸನ್ಯಾಸಿನಿಯನ್ನು ನಿರೀಕ್ಷಿಸಿ ಬಂದಿದ್ದ ಬ್ರೇಕಮ್ಮನಿಗೆ ಸ್ವಲ್ಪ ನಿರಾಶೆಯಾಯಿತು.

"ನನಗೆ ಮನಸ್ಸು ನಿಲ್ಲಲ್ಲಮ್ಮ," ಎಂದು ಮೊದಲೇ ಹೇಳಿಬಿಟ್ಟರು.

"ನಿಲ್ಲಿಸೋಕೆ ಹೋಗಬೇಡಿ. ಅದು ಏನು ಮಾಡ್ತಿದೆ ಅಂತ ನೋಡಿ. ಬುದ್ಧ ಹೇಳಿದ್ದೆಲ್ಲ ಒಂದೇ ದಿನ ಬೇಡ. ಕಾಲಿಂದ ಶುರು ಮಾಡೋಣ."

ಶುರುವಾದದ್ದು ನಡಿಗೆಯಿಂದ. ಸಾಲಾಗಿ, ಆಮೆಯೇ ನಾಚುವಷ್ಟು ನಿಧಾನಕ್ಕೆ ನಡೆಯಬೇಕು. ಹೆಜ್ಜೆ ಎತ್ತುವುದು, ಚಾಚುವುದು, ಇಡುವುದು, ಮೂರನ್ನೂ ಗಮನಿಸಬೇಕು. ಬ್ರೇಕಮ್ಮನ ಮುಂದೆ ಒಬ್ಬ ನಿವೃತ್ತ ಗುಮಾಸ್ತರು ಇದ್ದರು. ಅವರ ಬೆನ್ನು ಹತ್ತಿರ ಬಂದಂತೆಲ್ಲ ಆಕೆಯ ಬಲಗಾಲು ಧಡ್ ಎಂದು ನೆಲಕ್ಕೆ ಬೀಳುತ್ತಿತ್ತು. ಮೂರನೆಯ ಧಡ್‌ಗೆ ಗುಮಾಸ್ತರು ಬೆಚ್ಚಿ ಗೋಡೆಗೆ ಅಂಟಿ ನಿಂತು, "ನೀವು ಮುಂದೆ ಹೋಗಿ ತಾಯಿ, ನನಗೇನೂ ಅವಸರ ಇಲ್ಲ," ಎಂದರು. ಕೋಣೆಯಲ್ಲಿ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಭಿಕ್ಷುಣಿಯಮ್ಮ ನಕ್ಕು, ಸೀನಿ, ಕಣ್ಣೊರೆಸಿಕೊಂಡು ಹತ್ತಿರ ಬಂದರು.

"ಕಾಲು ಒತ್ತೋದಕ್ಕಿಂತ ಮುಂಚೆ ಒತ್ತಬೇಕು ಅಂತ ಅನ್ನಿಸುತ್ತಲ್ಲ, ಅದು ಯಾವತ್ತಾದ್ರೂ ಕಂಡಿದ್ಯಾ ನಿಮಗೆ?"

"ಅನ್ನಿಸೋದೂ ಇಲ್ಲ, ಒತ್ತಿರುತ್ತೆ ಅಷ್ಟೆ."

"ಅನ್ನಿಸಿರುತ್ತೆ. ಅದು ಬಂದಾಗ ನೀವು ಮನೇಲಿರಲ್ಲ. ಅದನ್ನ ಹಿಡೀರಿ."

ಮನೆಯಲ್ಲಿ ಇರುವುದಿಲ್ಲ ಎಂಬ ಮಾತು ಬ್ರೇಕಮ್ಮನಿಗೆ ನಾಟಿತು. ದಿನವೂ ಸಂಜೆ ಹೋದರು. ಉಸಿರು ನೋಡಿದರು, ಹೆಜ್ಜೆ ನೋಡಿದರು, ಕೊನೆಗೆ ಎಲ್ಲರಿಗೂ ಒಳ್ಳೆಯದಾಗಲಿ ಎಂದು ಮನಸ್ಸಿನಲ್ಲೇ ಹೇಳುವ ಮೈತ್ರಿಯ ಅಭ್ಯಾಸವನ್ನೂ ಮಾಡಿದರು. ತಮ್ಮ ಶಿಷ್ಯರನ್ನು ಒಬ್ಬೊಬ್ಬರಾಗಿ ನೆನೆದು, "ಸುಖವಾಗಿರಲಿ, ನೆಮ್ಮದಿಯಾಗಿರಲಿ, ಕ್ಲಚ್ ಮೆಲ್ಲಗೆ ಬಿಡೋದು ಕಲೀಲಿ," ಎಂದು ಹರಸುತ್ತಿದ್ದರು.

ಒಂದು ಬೆಳಿಗ್ಗೆ ಅದು ಸಿಕ್ಕಿತು. ಗುಬ್ಬಿ ಓಡಿಸುತ್ತಿದ್ದಳು, ತಿರುವಿನಲ್ಲಿ ಹಾಲಿನ ವ್ಯಾನ್ ಮೂತಿ ತೋರಿಸಿತು. ಬ್ರೇಕಮ್ಮನ ಎದೆಯಲ್ಲಿ ಏನೋ ಬಿಗಿಯಿತು. ಆ ಬಿಗಿತ ಹೊಟ್ಟೆಗೆ ಇಳಿದು, ತೊಡೆಗೆ ಇಳಿದು, ಪಾದಕ್ಕೆ ಹೊರಟಿತು. ಆಕೆ ಅದನ್ನು ದಾರಿಯಲ್ಲೇ ಕಂಡರು. ಮೂವತ್ತು ವರ್ಷ ಬೆನ್ನಿಗಿದ್ದದ್ದು ಮೊದಲ ಸಲ ಮುಖ ತೋರಿಸಿತ್ತು.

"ಸಿಕ್ತು!" ಎಂದು ಕೂಗಿಬಿಟ್ಟರು.

ಗುಬ್ಬಿ ಜೀವ ಬಾಯಿಗೆ ಬಂದವಳಂತೆ ಬ್ರೇಕ್ ಹಾಕಿದಳು. "ಏನು ಸಿಕ್ತು ಅತ್ತಿಗೆ? ಯಾರು ಸಿಕ್ಕಿಹಾಕ್ಕೊಂಡ್ರು?"

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬ್ರೇಕಮ್ಮ ಯಾವುದನ್ನೂ ಅಲ್ಲಿಗೆ ನಿಲ್ಲಿಸುವವರಲ್ಲ. ಒತ್ತಬೇಕು ಎಂದು ಅನ್ನಿಸಿದ್ದನ್ನು ನೋಡಬೇಕು ಎಂದರೆ ಅದರಂತೆ ನಡೆಯಬಾರದು ಎಂದೇ ಅರ್ಥ ಎಂದು ತಮ್ಮಷ್ಟಕ್ಕೆ ತೀರ್ಮಾನಿಸಿ, ಇನ್ನು ಮೇಲೆ ಏನೇ ಆದರೂ ಬ್ರೇಕ್ ಮುಟ್ಟುವುದಿಲ್ಲ ಎಂದು ಶಪಥ ಮಾಡಿದರು. ಮೆಕ್ಯಾನಿಕ್ ಹತ್ತಿರ ಹೋಗಿ ಆ ಪೆಡಲನ್ನೇ ಕಿತ್ತುಹಾಕು ಎಂದೂ ಕೇಳಿದರು. ಅವನು, "ಕಿತ್ತರೆ ನಿಮ್ಮ ಡ್ರೈವಿಂಗ್ ಸ್ಕೂಲಿಗೇ ಬೀಗ ಜಡೀತಾರೆ ಮೇಡಂ," ಎಂದು ಓಡಿಸಿದ.

ಮಾರುಕಟ್ಟೆಯ ಹಿಂದಿನ ರಸ್ತೆ ಇಕ್ಕಟ್ಟು. ಮರುದಿನ ಅಲ್ಲಿ ಒಂದು ತರಕಾರಿ ವ್ಯಾನ್ ನಿಂತಿತ್ತು. ಗುಬ್ಬಿ ಕಾರನ್ನು ಅದರ ಕಡೆಗೇ ಓಡಿಸಿಕೊಂಡು ಹೋಗುತ್ತಿದ್ದಳು. ಬ್ರೇಕಮ್ಮನಿಗೆ ವ್ಯಾನ್ ಕಂಡಿತು, ಅದರ ಪಕ್ಕದ ಕನ್ನಡಿ ಕಂಡಿತು, ತಮ್ಮೊಳಗಿನ ಬಿಗಿತವೂ ಕಂಡಿತು. ಬಿಗಿತ ಎದೆಯಿಂದ ಇಳಿಯುವುದನ್ನು ಬಹಳ ಶಾಂತವಾಗಿ, ಕಣ್ಣು ಅರೆ ಮುಚ್ಚಿಕೊಂಡು ನೋಡುತ್ತ ಕೂತರು. ಚಟಾರೆಂದು ವ್ಯಾನಿನ ಕನ್ನಡಿ ಒಡೆದು ರಸ್ತೆಗೆ ಬಿತ್ತು.

ವ್ಯಾನಿನವನು ಬಾಯಿಗೆ ಬಂದದ್ದನ್ನೆಲ್ಲ ಅಂದ. ಹೊಸ ಕನ್ನಡಿ ಹಾಕಿಸಿಕೊಡುವ ಮಾತಾಗಿ ಅವನು ತಣ್ಣಗಾದ ಮೇಲೂ ಗುಬ್ಬಿ ಕಾರು ಹೊರಡಿಸಲಿಲ್ಲ, ಅತ್ತಿಗೆಯ ಕಡೆ ತಿರುಗಿದಳು.

"ಅತ್ತಿಗೆ, ನಿಮಗೆ ಕಾಣಿಸ್ಲಿಲ್ವಾ?"

"ಕಾಣಿಸ್ತು."

"ಮತ್ತೆ?"

"ನೋಡ್ತಾ ಇದ್ದೆ."

"ನಾನು ಹೋಗಿ ಗುದ್ದೋದನ್ನ ನೋಡ್ತಾ ಕೂತಿದ್ರಾ?" ಗುಬ್ಬಿ ಕೂಗಿದಳು. ಅವಳು ಜೋರಾಗಿ ಮಾತಾಡಿದ್ದನ್ನು ಬ್ರೇಕಮ್ಮ ಅದೇ ಮೊದಲು ಕೇಳಿದ್ದು. "ನನಗೆ ಈ ಕಾರೂ ಬೇಡ, ಕೆಲಸಾನೂ ಬೇಡ. ನನ್ನ ಹಣೆಬರಹ ಇಷ್ಟೇ." ಕೀಲಿಯನ್ನು ಸೀಟಿನ ಮೇಲಿಟ್ಟು ನಡೆದೇ ಮನೆಗೆ ಹೋದಳು.

ಪರೀಕ್ಷೆಗೆ ಇನ್ನು ಉಳಿದದ್ದು ಒಂದು ವಾರ. ಬ್ರೇಕಮ್ಮ ನೇರ ಬಣ್ಣದ ಅಂಗಡಿಯ ಮಹಡಿ ಹತ್ತಿದರು. ಹತ್ತುವಾಗಲೇ ಜಗಳಕ್ಕೆ ಸಿದ್ಧ. "ನೀವು ಹೇಳಿದ ಹಾಗೇ ಮಾಡಿದ್ದಕ್ಕೆ ಹೀಗಾಯ್ತು ನೋಡಿ!"

ಭಿಕ್ಷುಣಿಯಮ್ಮ ಕಸ ಗುಡಿಸುತ್ತಿದ್ದರು. ಕಥೆ ಕೇಳಿ ಈ ಸಲ ನಗಲಿಲ್ಲ. ಪೊರಕೆ ಗೋಡೆಗಿಟ್ಟು ಚಾಪೆಯ ಮೇಲೆ ಕೂತರು. "ನೋಡಿ ಅಂದೆ. ಒತ್ತಬೇಡಿ ಅಂತ ಯಾವಾಗ ಅಂದೆ?"

"ಮತ್ತೆ ಯಾಕೆ ನೋಡೋದು?"

"ಯಾಕೆ ಒತ್ತುತ್ತಿದ್ದೀರಿ ಅಂತ ಗೊತ್ತಾಗ್ಲಿ ಅಂತ. ಅವರಿಗೆ ಬೇಕಾಗಿದೆ ಅಂತಾನಾ, ನಿಮಗೆ ಹೆದರಿಕೆ ಅಂತಾನಾ? ಮೊದಲು ಹೆದರಿ ಒತ್ತುತ್ತಿದ್ರಿ, ಈಗ ಶಪಥ ಮುರಿಯುತ್ತೆ ಅಂತ ಹೆದರಿ ಒತ್ತಲಿಲ್ಲ. ಎರಡರಲ್ಲೂ ಆ ಹೆಣ್ಣುಮಗಳು ಎಲ್ಲಿದ್ದಾಳೆ?"

ಬ್ರೇಕಮ್ಮ ಚಾಪೆಯ ಅಂಚಿಗೆ ಕೂತರು. ಭಿಕ್ಷುಣಿಯಮ್ಮ ಮುಂದುವರಿಸಿದರು. "ಇನ್ನೊಬ್ಬರಿಗೆ ಎಲ್ಲಿ ನೋವಾಗ್ತಿದೆ ಅಂತ ತಿಳ್ಕೊಳ್ಳೋದರಿಂದ ಕರುಣೆ ಶುರುವಾಗುತ್ತೆ. ಅವಳನ್ನ ಒಂದು ಸಲ ಕೇಳಿದ್ದೀರಾ?"

ಕೇಳಿರಲಿಲ್ಲ. ಊರಿಗೆಲ್ಲ ಕಲಿಸಿದ ಹೆಂಗಸು ಕಲಿಯುವವರನ್ನು ಏನನ್ನೂ ಕೇಳಿದವರೇ ಅಲ್ಲ. ಗೇರ್ ಹಾಕು, ಕನ್ನಡಿ ನೋಡು, ಕತ್ತೆ ಎಂದರಲ್ಲದೆ ನಿನಗೆ ಏನಾಗುತ್ತಿದೆ ಎಂದವರಲ್ಲ. ಮೆಟ್ಟಿಲಿಳಿಯುವಾಗ ಆಕೆಗೆ ನಿಜವಾಗಿ ನಾಚಿಕೆಯಾಯಿತು.

ಗುಬ್ಬಿಯ ಕೋಣೆಯ ಬಾಗಿಲು ತಟ್ಟಿ ನಿಂತರು. ತಮ್ಮ ಮನೆಯ ಬಾಗಿಲನ್ನು ತಾವೇ ತಟ್ಟಿದ್ದು ವಿಚಿತ್ರವೆನಿಸಿತು. ಒಳಗೆ ಗುಬ್ಬಿ ಒಣಗಿದ ಬಟ್ಟೆ ಮಡಿಸುತ್ತಿದ್ದಳು, ಎಲ್ಲ ಅಣ್ಣ ಅತ್ತಿಗೆಯ ಬಟ್ಟೆ. ಬ್ರೇಕಮ್ಮ ಹಾಸಿಗೆಯ ಅಂಚಿಗೆ ಕೂತು ತಾವೂ ಒಂದು ಅಂಗಿ ಎತ್ತಿಕೊಂಡರು.

"ತಪ್ಪಾಯ್ತು ಕಣೇ."

"ಅಯ್ಯೋ, ಬಿಡಿ ಅತ್ತಿಗೆ."

"ಬಿಡಲ್ಲ. ಒಂದು ಕೇಳ್ತೀನಿ, ನಿಜ ಹೇಳು. ಗಾಡೀಲಿ ಕೂತಾಗ ನಿನಗೆ ಏನಾಗುತ್ತೆ?"

ಗುಬ್ಬಿ ಮಡಿಸಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಿಸಿದಳು. "ಬೇಜಾರು ಮಾಡ್ಕೋಬಾರದು."

"ಮಾಡ್ಕೊಂಡ್ರೂ ಹೇಳು."

"ನಾನು ರಸ್ತೆ ನೋಡಲ್ಲ ಅತ್ತಿಗೆ. ಕಣ್ಣು ಅಲ್ಲಿರುತ್ತೆ, ಕಿವಿ ಎಲ್ಲ ನಿಮ್ಮ ಚಪ್ಪಲಿ ಮೇಲೆ. ನಿಮ್ಮ ಚಪ್ಪಲಿ ಅಲ್ಲಾಡೋ ಸದ್ದು ಕೇಳಿದ್ರೆ, ಓ, ಇಲ್ಲಿ ನಿಲ್ಲಬೇಕು ಅಂತ ಗೊತ್ತಾಗುತ್ತೆ. ಪರೀಕ್ಷೇಲಿ ಆ ಸದ್ದು ಬರಲ್ಲ. ನಾನು ಕಾಯ್ತೀನಿ, ಕಾಯ್ತೀನಿ, ಅಷ್ಟರಲ್ಲಿ ಗಾಡಿ ಗೆರೆ ದಾಟಿರುತ್ತೆ." ಇನ್ನೊಂದು ಬಟ್ಟೆ ಎತ್ತಿಕೊಂಡು ಸೇರಿಸಿದಳು. "ಮನೇಲೂ ಹಾಗೇ. ಇನ್ನೊಂದು ತುತ್ತು ಉಣ್ಣಬಹುದಾ, ದೀಪ ಹಚ್ಚಬಹುದಾ ಅಂತ ನಿಮ್ಮ ಮುಖ ನೋಡ್ತಾ ಇರ್ತೀನಿ. ನೀವು ಒಳ್ಳೇವ್ರು. ಆದ್ರೂ ನೋಡ್ತೀನಿ."

ಅಧಿಕಾರಿ ಹೇಳಿದ 'ಯಾರಿಗೋ' ಎಂದರೆ ಯಾರು ಎಂದು ಬ್ರೇಕಮ್ಮನಿಗೆ ಆಗ ಅರ್ಥವಾಯಿತು. ಇಷ್ಟು ದಿನ ಈ ಹೆಂಗಸನ್ನು ಕಾಪಾಡುತ್ತಿದ್ದೇನೆ ಎಂದುಕೊಂಡು ಅವಳ ಕಾಲನ್ನೇ ಕಸಿದುಕೊಂಡಿದ್ದೆನಲ್ಲ ಎಂದು ಆಕೆಯ ಕಣ್ಣು ತುಂಬಿತು. ಗುಬ್ಬಿ ಗಾಬರಿಯಾಗಿ ಮಡಿಸಿಟ್ಟ ಬಟ್ಟೆಯಲ್ಲೇ ಒಂದನ್ನು ಕೊಟ್ಟಳು. ಅದು ಅಣ್ಣನ ಬನಿಯನ್. ಬ್ರೇಕಮ್ಮ ಅದರಲ್ಲೇ ಮೂಗೊರೆಸಿಕೊಂಡದ್ದು ನೋಡಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ.

"ನಾಳೆಯಿಂದ ಚಪ್ಪಲಿ ಮನೇಲಿ ಬಿಟ್ಟು ಬರ್ತೀನಿ," ಎಂದರು. "ಜೀವಕ್ಕೆ ಅಪಾಯ ಅನ್ನೋ ಹಾಗಿದ್ರೆ ಮಾತ್ರ ಒತ್ತುತ್ತೀನಿ. ಮಿಕ್ಕಿದ್ದೆಲ್ಲ ನಿಂದು. ದೀಪಾನೂ ನಿಂದು, ತುತ್ತೂ ನಿಂದು. ಇನ್ನೊಂದು ಸಲ ನನ್ನ ಮುಖ ನೋಡಿದ್ರೆ ಮುಖಾನೇ ಮುಚ್ಕೊಂಡು ಓಡಾಡ್ತೀನಿ."

ಆ ರಾತ್ರಿ ಊಟಕ್ಕೆ ಕೂತಾಗ ಗುಬ್ಬಿ ಪಾತ್ರೆಯನ್ನು ತನ್ನ ಕಡೆಗೆ ಎಳೆದು ತಾನೇ ಬಡಿಸಿಕೊಂಡಳು. ಕೈ ಅರ್ಧದಲ್ಲಿ ನಿಂತಿತು, ಮತ್ತೆ ಮುಂದುವರಿಯಿತು. ಬ್ರೇಕಮ್ಮ ಬೇಕೆಂದೇ ಗೋಡೆ ನೋಡುತ್ತಿದ್ದರು. "ಗೋಡೇಲಿ ಏನಿದೆಯೇ?" ಎಂದು ಗಂಡ ಕೇಳಿದರು.

ಉಳಿದ ದಿನಗಳಲ್ಲಿ ಬ್ರೇಕಮ್ಮ ಬರಿಗಾಲಲ್ಲಿ ಕೂತರು. ಬಿಗಿತ ಬರುತ್ತಿತ್ತು, ಕಾಣುತ್ತಿತ್ತು, ಹೋಗುತ್ತಿತ್ತು. ಅದು ಹೋದ ಮೇಲೆ ಪಕ್ಕದಲ್ಲಿ ಕೂತ ಹೆಂಗಸು ಕಾಣುತ್ತಿದ್ದಳು. ತಿರುವಿಗೆ ಮುಂಚೆ ಅವಳು ತುಟಿ ಕಚ್ಚುವುದು, ದಾಟಿದ ಮೇಲೆ ಭುಜ ಇಳಿಯುವುದು, ಇದನ್ನೆಲ್ಲ ಮೊದಲು ಕಂಡದ್ದೇ ಇರಲಿಲ್ಲ. ಗುಬ್ಬಿ ತಾನೇ ನಿಲ್ಲಿಸುವುದನ್ನು ಕಲಿತಳು. ಮೊದಮೊದಲು ಇಬ್ಬರ ಹಣೆಯೂ ಮುಂದಕ್ಕೆ ವಾಲುವಷ್ಟು ಜೋರಾಗಿ, ಆಮೇಲಾಮೇಲೆ ಮೆತ್ತಗೆ. ಒಮ್ಮೆ ನಿಂತಿದ್ದ ಬಸ್ಸಿನ ಮರೆಯಿಂದ ಮುದುಕನೊಬ್ಬ ಹಿಂದೆಮುಂದೆ ನೋಡದೆ ರಸ್ತೆಗಿಳಿದ. ಬ್ರೇಕಮ್ಮ ಒತ್ತಿದರು. ಯೋಚಿಸದೆ ಅಲ್ಲ, ನೋಡಿಯೇ ಒತ್ತಿದರು. ಅದೇ ಗಳಿಗೆಗೆ ಗುಬ್ಬಿಯ ಕಾಲೂ ಒತ್ತಿತ್ತು. ಕಾರು ನೆಟ್ಟ ಕಂಬದ ಹಾಗೆ ನಿಂತಿತು. ಮುದುಕ ಇಬ್ಬರಿಗೂ ಕೈ ಮುಗಿದು ಹೋದ.

"ನಾನು ಒತ್ತದಿದ್ರೂ ನಿಲ್ತಿತ್ತು," ಎಂದರು ಬ್ರೇಕಮ್ಮ.

"ನಿಲ್ತಿತ್ತು," ಎಂದಳು ಗುಬ್ಬಿ, ಮೊದಲ ಸಲ ಒಂದಿಷ್ಟು ಜಂಬದಿಂದ.

ಪರೀಕ್ಷೆಯ ದಿನ ಅಧಿಕಾರಿ ಪಕ್ಕದ ಸೀಟಿನಲ್ಲಿ ಕೂತರು. ಬ್ರೇಕಮ್ಮ ಕಚೇರಿಯ ಹೊರಗೆ ಸಿಮೆಂಟಿನ ಬೆಂಚಿನ ಮೇಲೆ. ಕಾರು ಗೇಟು ದಾಟಿ ಮರೆಯಾದಾಗ ಎದ್ದು ನಿಂತರು, ಮತ್ತೆ ಕೂತರು. ಮಾಡಲು ಏನೂ ಇರಲಿಲ್ಲ, ಆದ್ದರಿಂದ ಮೈತ್ರಿ ಮಾಡಿದರು. ಗುಬ್ಬಿ ಸುಖವಾಗಿರಲಿ ಎಂದರು. ಸ್ವಲ್ಪ ಕಷ್ಟಪಟ್ಟು ಅಧಿಕಾರಿಯೂ ಸುಖವಾಗಿರಲಿ ಎಂದರು. ತರಕಾರಿ ವ್ಯಾನಿನವನನ್ನೂ ಬಿಡಲಿಲ್ಲ. ಪಾಸಾಗಲಿ ಎನ್ನಲು ಹೋದವರು ತಡೆದುಕೊಂಡು, ಫೇಲಾದರೂ ಅವಳು ತನ್ನ ಕಾಲ ಮೇಲೆ ಇರಲಿ ಎಂದುಕೊಂಡರು. ಹಾಗೆ ಅಂದುಕೊಂಡದ್ದು ಮನಸಾರೆ ಅಂದದ್ದು. ಅದು ಆಕೆಗೇ ಆಶ್ಚರ್ಯವಾಯಿತು.

ಕಾರು ಬಂತು. ಅಧಿಕಾರಿ ಇಳಿದು, ಕಾಗದಕ್ಕೆ ಸಹಿ ಹಾಕಿ ಗುಬ್ಬಿಯ ಕೈಗೆ ಕೊಟ್ಟು ಒಳಗೆ ಹೋದರು. ಗುಬ್ಬಿ ಕಾಗದ ಹಿಡಿದುಕೊಂಡು ಬೆಂಚಿನ ಹತ್ತಿರ ಬಂದಳು.

"ಆಯ್ತು ಅತ್ತಿಗೆ," ಎಂದಳು. ಬ್ರೇಕಮ್ಮ ಅವಳನ್ನು ತಬ್ಬಿಕೊಂಡು ನಾಲ್ಕು ಮನೆಗೆ ಕೇಳುವ ದನಿಯಲ್ಲಿ ಅತ್ತರು. ಒಳಗಿನಿಂದ ಗುಮಾಸ್ತನೊಬ್ಬ ಇಣುಕಿ, "ಫೇಲಾ?" ಎಂದು ಸಂಕಟದಿಂದ ಕೇಳಿದ.

ವಾಪಸು ಬರುವಾಗ ಗುಬ್ಬಿಯೇ ಓಡಿಸಿದಳು. ಮೊದಲು ಚಿಕಿತ್ಸಾಲಯಕ್ಕೆ ಹೋಗಿ ಕಾಗದ ತೋರಿಸಿ, ಸೋಮವಾರದಿಂದ ಬರುತ್ತೇನೆ ಎಂದು ಹೇಳಿ ಬಂದಳು. ಅವಳು ಮತ್ತೆ ಹೊರಟಾಗ ಮಧ್ಯಾಹ್ನದ ಬಿಸಿಲು ಗಾಜಿನಿಂದ ಒಳಗೆ ಬಿದ್ದಿತ್ತು. ದಾರಿಯಲ್ಲಿ ಏನೋ ಕೇಳಿದಳು, ಉತ್ತರ ಬರಲಿಲ್ಲ. ತಿರುಗಿ ನೋಡಿದರೆ ಅತ್ತಿಗೆಯ ತಲೆ ಕಿಟಕಿಗೆ ವಾಲಿತ್ತು, ಬಾಯಿ ಅರೆ ತೆರೆದಿತ್ತು, ಕನ್ನಡಕ ಮಡಿಲಿಗೆ ಜಾರಿತ್ತು. ಬ್ರೇಕಮ್ಮ ಗಾಢ ನಿದ್ದೆಯಲ್ಲಿದ್ದರು.

ಗುಬ್ಬಿ ಮನೆಯ ರಸ್ತೆಗೆ ತಿರುಗಿದಳು. ಅಣ್ಣ ಅಂಗಡಿ ಮುಚ್ಚಿ ಗೇಟಿನ ಹತ್ತಿರವೇ ಕಾಯುತ್ತಿದ್ದರು. ಕಾರು ಕಂಡವರೇ ಎರಡೂ ಕೈ ಎತ್ತಿ ಏನಾಯಿತು ಎಂದು ಸನ್ನೆ ಮಾಡಿದರು. ಗುಬ್ಬಿ ನಕ್ಕು ತಲೆಯಾಡಿಸಿ, ತುಟಿಯ ಮೇಲೆ ಬೆರಳಿಟ್ಟು, ಪಕ್ಕಕ್ಕೆ ತೋರಿಸಿ, ನಿಲ್ಲಿಸದೆ ಮುಂದಕ್ಕೆ ಹೋದಳು. ರಸ್ತೆಯ ಕೊನೆಯಲ್ಲಿ ತಿರುಗಿ, ಕೆರೆಯ ಸುತ್ತ ಹೋಗಿ, ಮತ್ತೆ ಅದೇ ರಸ್ತೆಗೆ ಬಂದಳು. ಎರಡನೆಯ ಸುತ್ತಿಗೆ ಅಣ್ಣ ಕುರ್ಚಿ ತಂದು ಗೇಟಿನಲ್ಲಿ ಹಾಕಿಕೊಂಡು ಕೂತಿದ್ದರು.

ಮೂರನೆಯ ಸುತ್ತಿನಲ್ಲಿ ಬ್ರೇಕಮ್ಮ ಕಣ್ಣು ಅರೆ ಬಿಟ್ಟು ಗೊಣಗಿದರು. "ಮನೆ ಬಂತೇನೇ?"

"ಇನ್ನೂ ಇಲ್ಲ," ಎಂದಳು ಗುಬ್ಬಿ. "ನೀವು ಮಲಗಿ ಅತ್ತಿಗೆ. ನಾನು ನೋಡ್ಕೋತೀನಿ."